ವೈಂಡಿಂಗ್ ಮಾವ ನಿಲ್ಲಿಸಿದ ಇಂಜೆಕ್ಷನ್

ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಬೀದಿಗೆಲ್ಲ ಅವನು ವೈಂಡಿಂಗ್ ಮಾವ. ಮೂಗಿನ ತುದಿಯಲ್ಲೇ ಕೋಪ, ಅದಕ್ಕಿಂತ ಒಂದು ಗೇಣು ಮುಂದೆ ಜಂಭ. "ನನ್ನ ಕೈಯಿಂದ ಹೋದ ಮೋಟಾರು ವಾಪಸ್ ಬಂದಿದ್ರೆ ತೋರ್ಸಿ ನೋಡೋಣ!" ಯಾರೂ ತೋರಿಸಿರಲಿಲ್ಲ, ಎಡವಟ್ಟಾದದ್ದೇ ಅಲ್ಲಿ. ತಂತಿಗೆ ಹೊದಿಕೆಯಾಗಿದ್ದ ಹಳೆಯ ವಾರ್ನಿಷ್ಷಿನ ಕರಕಲನ್ನು ಪೂರ್ತಿ ಕೆರೆದು ತೆಗೆಯದೆ ಅವನು ಹೊಸ ತಂತಿ ಮುಟ್ಟುತ್ತಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ತಂತಿಯ ಸಂದುಗಳಿಗೆ ಕಾಗದ ಮಡಚಿಡುತ್ತಿದ್ದವಳು ಹೆಂಡತಿ.

ಅವಳ ಬೆರಳು ಜೋಮು ಹಿಡಿದವು, ಆಮೇಲೆ ಕಾಲು ಎಡವತೊಡಗಿತು. ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: ತಂತಿಗಿರುವ ಹಾಗೆ ಮೆದುಳು, ಬೆನ್ನುಹುರಿಯ ನರಕ್ಕೂ ಒಂದು ಹೊದಿಕೆ ಇದೆ, ಮೈ ಕಾಯಬೇಕಾದ ಜೀವಕೋಶಗಳೇ ಅದನ್ನು ಕಿತ್ತು ಹಾಳುಮಾಡುತ್ತಿವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ತಿಂಗಳಿಗೊಂದು ಇಂಜೆಕ್ಷನ್ ಅವನ್ನು ಹದ್ದುಬಸ್ತಿನಲ್ಲಿಡುತ್ತದೆ. ಇನ್ನು ಕೆಲವು ಕಾವಲು ಕೋಶಗಳು ಒಳ್ಳೆಯವು, ಹರಿದ ಹೊದಿಕೆಯ ಚೂರುಗಳನ್ನು ನುಂಗಿ ಜಾಗ ಶುಚಿ ಮಾಡುತ್ತವೆ, ಆಗಲೇ ಹೊಸ ಹೊದಿಕೆ ಬೆಳೆಯುವುದು ಅಂತಲೂ ಅಂದರು. ಮಾವನ ತಲೆಯಲ್ಲಿ ಉಳಿದದ್ದು ಈ ಕೊನೆಯ ಮಾತೊಂದೇ.

ಇಂಜೆಕ್ಷನ್ ಹಿಡಿಯಿತು. ಅವಳು ಮತ್ತೆ ಅಂಗಡಿಗೆ ನಡೆದುಕೊಂಡು ಬಂದಳು, ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ಅದನ್ನು ನೋಡಿ ನೋಡಿ ಮಾವ ಒಂದು ದಿನ ತೀರ್ಪು ಕೊಟ್ಟೇಬಿಟ್ಟ.

"ಕಾವಲಿನವರನ್ನ ಕಟ್ಟಿ ಹಾಕಿದ್ರೆ ಒಳಗಿನ ಕರಕಲು ಕೆರೆಯೋರು ಯಾರೇ? ಅದಕ್ಕೇ ಬೆರಳು ಸರಿಹೋಗ್ತಿಲ್ಲ. ಸಾಕು, ನಿಲ್ಸು."

"ಡಾಕ್ಟರಮ್ಮನ್ನ ಒಂದ್ಮಾತು ಕೇಳೋಣ ಕಣ್ರೀ."

"ಹೊದಿಕೆ ವಿಷ್ಯ ನನಗೆ ಹೇಳಿಕೊಡ್ತಾರಾ ಅವರು?"

ಅಲ್ಪವಿದ್ಯಾ ಮಹಾಗರ್ವಿ. ಅವಳು ನಿಲ್ಲಿಸಿದಳು. ಗಂಡನ ಕೆಲಸದ ಮೇಲೆ ಅವಳಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಸ್ವಲ್ಪ ಕಾಲ ಏನೂ ಆಗಲಿಲ್ಲ. ಮಾವ ಗಿರಾಕಿಗಳ ಮುಂದೆ ಬೀಗಿದ್ದೇ ಬೀಗಿದ್ದು.

ಒಂದು ಬೆಳಿಗ್ಗೆ ಅವಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲುಗಳಲ್ಲಿ ಜೀವವಿರಲಿಲ್ಲ, ಎರಡು ಕಣ್ಣಿಗೂ ಮಂಜು ಕವಿದಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರಮ್ಮ ಅವನನ್ನೊಬ್ಬನನ್ನೇ ನಿಲ್ಲಿಸಿ, ಇಂಜೆಕ್ಷನ್ ಬಿಡಿಸಿದ ಕಾರಣ ಕೇಳಿಕೊಂಡು ಹೇಳಿದರು. "ಈ ಇಂಜೆಕ್ಷನ್ ತಡೀತಿದ್ದಿದ್ದು ರಕ್ತದಿಂದ ಮೆದುಳೊಳಗೆ ನುಗ್ಗಿ ಹೊದಿಕೆ ಕೀಳೋರನ್ನ. ಶುಚಿ ಮಾಡೋರು ಮೊದಲಿಂದ ಮೆದುಳಲ್ಲೇ ಮನೆ ಮಾಡ್ಕೊಂಡಿರ್ತಾರೆ, ಅವರೇ ಬೇರೆ. ಅವರನ್ನ ಯಾರೂ ಕಟ್ಟಿ ಹಾಕಿರ್ಲಿಲ್ಲ. ಒಂದ್ಮಾತು ಕೇಳಬಾರದಿತ್ತಾ?"

"ಕಾಲು ಬರುತ್ತಾ?"

"ಈಗಿನ ಏಟು ದೊಡ್ಡದು. ನರದ ಎಳೆಗಳೇ ತುಂಡಾಗಿವೆ ಅನ್ಸುತ್ತೆ. ಹೊದಿಕೆ ಬೆಳೀಬಹುದು, ಹೊದಿಯೋಕೆ ಎಳೆ ಬೇಕಲ್ಲ."

ಅದು ಅವನಿಗೆ ಅರ್ಥವಾಗದ ಮಾತಲ್ಲ. ತನ್ನ ಕೈಯನ್ನು ಕತ್ತರಿಸಿ ಬಿಸಾಕಬೇಕೆನಿಸಿತು. ತಪ್ಪು ತನ್ನದೇ ಎಂದು ಹೆಂಡತಿಗೆ ಹೇಳಿಬಿಡಬೇಕೆಂದುಕೊಂಡು ಒಳಗೆ ಹೋದ. ಮಂಚದ ಪಕ್ಕದಲ್ಲಿ ನಿಂತ.

ನರ್ಸು ಇಂಜೆಕ್ಷನ್ನಿನ ಟ್ರೇ ಹಿಡಿದು ಬಂದಳು. ಹೆಂಡತಿ ತೋಳನ್ನು ಒಳಕ್ಕೆ ಎಳೆದುಕೊಂಡಳು.

"ತಾಳಮ್ಮ, ನಮ್ಮೋರನ್ನ ಕೇಳ್ತೀನಿ." ಗಂಡ ಯಾವ ಕಡೆ ಇದ್ದಾನೆಂದು ತಿಳಿಯದೆ ಗೋಡೆಯ ಕಡೆ ಮುಖ ಮಾಡಿದಳು. "ರೀ, ಇದನ್ನ ಹಾಕಿಸ್ಕೊಳ್ಳೋದಾ, ಬೇಡ್ವಾ? ನಿಮಗೆ ಗೊತ್ತಿರುತ್ತೆ."

ಹಾಕಿಸ್ಕೋ ಅನ್ನುವಂತೆ ಅವನು ತಲೆಯಾಡಿಸಿದ. ಅವಳಿಗೆ ಕಾಣಲಿಲ್ಲ.

"ಹೇಳೀಂದ್ರೆ," ಅಂದಳು ಅವಳು, ತೋಳು ಕೊಡದೆ.