ಏಳು ಹರಳಿನ ಮೂಗುತಿಯ ಫೋಟೋ

ರಾಣೆಬೆನ್ನೂರಿನಲ್ಲಿ ಮದುವೆಯಿರಲಿ, ಜವಳವಿರಲಿ, ಫೋಟೋ ಎಂದರೆ ಜನ ಮೈಲಾರೆಪ್ಪನನ್ನೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕರೆ ಮುಗಿಯಿತು, ಊಟವಿಲ್ಲ, ನಿದ್ದೆಯಿಲ್ಲ. ಅವನ ಸ್ಟುಡಿಯೋಕ್ಕೂ ನನ್ನ ಟೇಲರಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ. ಹಾಗಾಗಿ ಅವನ ಹುಚ್ಚಾಟಕ್ಕೆಲ್ಲ ಮೊದಲು ಸಿಗುವವನು ನಾನೇ.

ಎಂಬತ್ತೆಂಟರಲ್ಲಿ ಬಂಗಾರದ ಅಂಗಡಿಯ ರಾಘಣ್ಣ ಏಳು ಹರಳಿನ ಹೊಸ ಮೂಗುತಿಯೊಂದನ್ನು ತಂದುಕೊಟ್ಟು, "ಇದರದೊಂದು ದೊಡ್ಡ ಫೋಟೋ ತೆಗಿಯಪಾ, ಅಂಗಡ್ಯಾಗ ತೂಗು ಹಾಕ್ತೇನಿ" ಅಂದ. ಮೈಲಾರೆಪ್ಪ ತೆಗೆದ, ತೊಳೆದ, ನೋಡಿ ಗಾಬರಿಯಾದ. ಏಳು ಹರಳುಗಳಲ್ಲೂ ಒಬ್ಬೊಬ್ಬ ಮೈಲಾರೆಪ್ಪ ಕುಳಿತು ಇವನನ್ನೇ ನೋಡುತ್ತಿದ್ದ! ತನ್ನನ್ನು ಮರೆಮಾಡಿಕೊಳ್ಳಲು ನನ್ನ ಅಂಗಡಿಯ ಬಿಳಿ ಲೈನಿಂಗ್ ಬಟ್ಟೆಯನ್ನು ಅಡ್ಡ ಕಟ್ಟಿ, ನಡುವೆ ಲೆನ್ಸಿನಷ್ಟು ತೂತು ಕತ್ತರಿಸಿದ. ನನ್ನನ್ನು ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಮ.

ಆಗ ಹರಳು ಚೆನ್ನಾಗಿ ಬಂದರೆ ಬಂಗಾರ ಮಸುಕು, ಬಂಗಾರ ಬಂದರೆ ಹರಳು ಕಪ್ಪು. ಅಂಗಡಿಯ ಮಾಲಿನ ಮೇಲೆ ಎಷ್ಟು ಕೈಯಾಡಿಸುವುದು ಎಂದು ಹೆಂಡತಿ ಗುತ್ತೆವ್ವನ ಮೂಗುತಿಯನ್ನು ಬಿಚ್ಚಿಸಿಕೊಂಡು ಬಂದ. ಅದೂ ಏಳು ಹರಳಿನದೇ, ಅದೇ ಮಾಟ. ಅವಳ ತಾಯಿ ಸಾಯುವ ಮುಂಚೆ ತನ್ನ ಮೂಗಿನಿಂದ ತೆಗೆದು ಮಗಳಿಗೆ ಹಾಕಿದ್ದು. "ಸಂಜಿಗೆ ಬ್ಯಾಡಗಿಗೆ ಹೋಗಬೇಕ್ರಿ, ಅಕ್ಕನ ಮಗಳ ಕುಬಸ ಐತಿ. ಬೋಳು ಮೂಗಿಲೆ ಬಸರಿ ಹೆಂಗಸಿಗೆ ಹೆಂಗ ಉಡಿ ತುಂಬಲಿ? ಲಗೂ ಕೊಡ್ರಿ" ಎಂದು ಹೇಳಿಯೇ ಕೊಟ್ಟಿದ್ದಳು.

ಈ ಮಹಾಶಯ ಮಾಡಿದ್ದೇನು? ಎರಡನ್ನೂ ಒಂದೇ ಬಟ್ಟಲಿನಲ್ಲಿ ಅಂಟವಾಳದ ನೀರು ಹಾಕಿ ತಿಕ್ಕಿದ. ತೆಗೆದು ನೋಡಿದರೆ ಎರಡೂ ಫಳಫಳ. ಯಾವುದು ಯಾರದು?

"ನನಗ ತೆಲೀನ ಓಡವಲ್ದೋ ಮಾರಾಯ" ಎಂದು ನನ್ನ ಮಷೀನಿನ ಮುಂದೆ ಬಂದು ನಿಂತ. ಕೈಯಲ್ಲಿ ಎರಡು ಮೂಗುತಿ, ತಿಕ್ಕಿದ ಮೇಲೆ ಅವುಗಳನ್ನು ದೊಡ್ಡದಾಗಿ ತೆಗೆದ ಎರಡು ಫೋಟೋ. ಫೋಟೋದಲ್ಲಿ ಒಂದು ಮೂಗುತಿಯ ಮೈತುಂಬ ಗೀರು, ಇನ್ನೊಂದು ನುಣುಪು. "ಗೀರು ಇರೋದು ಹಳೇದು, ಹೌದಿಲ್ಲೋ? ಇಲ್ಲಾ ಗೀರು ಅಂದ್ರ ಅಕ್ಕಸಾಲಿ ತಿಕ್ಕಿದ ಹೊಸಾ ಅರದ ಗುರ್ತೋ? ನುಣುಪು ಆಗೇತಿ ಅಂದ್ರ ಸವದದ್ದೋ?"

"ರಾಘಣ್ಣಗ ತೋರಿಸು" ಅಂದೆ.

"ಏ, ಅಂವಗ ಗೊತ್ತಾದ್ರ ಇಡೀ ಪ್ಯಾಟಿಗೆ ಗೊತ್ತಾಗ್ತೈತಿ. ನೀ ಬಾ ನನ್ನ ಸಂಗಾಟ."

ಸ್ಟುಡಿಯೋದ ಹಿಂದೆಯೇ ಮನೆ. ಗುತ್ತೆವ್ವ ಹೊಸ ಸೀರೆಯುಟ್ಟು, ಉಡಿಯ ಸಾಮಾನು ಕಟ್ಟಿಟ್ಟು, ನಮ್ಮನ್ನು ಕಂಡವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೈಲಾರೆಪ್ಪ ತಡವರಿಸುತ್ತ ನಡೆದದ್ದನ್ನು ಹೇಳಿ ಎರಡೂ ಫೋಟೋ ಚಾಚಿದ.

ಅವಳು ನೋಡಲಿಲ್ಲ. "ನಂದು ಯಾವುದು ಅಂತ ನಿಮಗ ಗೊತ್ತಾಗಲಿಲ್ಲೇನ್ರಿ?"

"ಅಲ್ಲ, ಗೀರು ನೋಡಿದ್ರ..."

"ಗೀರು ಬಿಡ್ರಿ. ನಾ ಯಾವ ಮಗ್ಗಲಕ ಹಾಕ್ಕೋತೇನಿ, ಎಡಕ್ಕೋ, ಬಲಕ್ಕೋ? ಅಷ್ಟಽ ಹೇಳ್ರಿ."

ಮೈಲಾರೆಪ್ಪನ ಕೈ ತನ್ನ ಮೂಗಿನ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಗಲ್ಲದ ಮೇಲೆ ನಿಂತಿತು. ನನ್ನ ಕಡೆ ನೋಡಿದ. ನನ್ನನ್ನೇನು ನೋಡುತ್ತೀ ಹುಚ್ಚಾ! ನನ್ನ ಹೆಂಡತಿಯದೇ ಯಾವ ಕಡೆ ಎಂದು ನೆನೆಸಲು ಹೋಗಿ ನಾನೂ ಬೆವರುತ್ತಿದ್ದೆ.

"ಬಲಕ್ಕ" ಅಂದ ಕೊನೆಗೆ.

ಗುತ್ತೆವ್ವ ಸೆರಗು ಸರಿಸಿದಳು. ತೂತು ಮುಚ್ಚದಿರಲೆಂದು ಸಿಕ್ಕಿಸಿದ್ದ ಕಸಬರಿಗೆ ಕಡ್ಡಿ ಮೂಗಿನ ಎಡಕ್ಕಿತ್ತು. ಅವಳ ಕಣ್ಣು ತುಂಬಿತ್ತು. ಅವನ ಅಂಗೈಯಿಂದ ಮೂಗುತಿಗಳನ್ನು ತೆಗೆದುಕೊಂಡು ಮೂಗಿನ ತೂತಿಗೆ ಹೋಗುವ ಹಿಂದಿನ ಕಾಲುಗಳನ್ನು ಬೆರಳಿನಿಂದ ಸವರಿದಳು. ಒಂದರದು ತುಸು ಸೊಟ್ಟಗಿತ್ತು. ಅದನ್ನು ಹಾಕಿಕೊಂಡು ತಿರುಪು ಬಿಗಿದಳು, ಇನ್ನೊಂದನ್ನು ಅವನ ಕೈಗಿಟ್ಟಳು. ಅವನ ಯಾವ ಫೋಟೋದಲ್ಲೂ ಹಿಂಬದಿ ಇರಲಿಲ್ಲ.

"ಲಗ್ನ ಆಗಿ ಇಪ್ಪತ್ತು ವರ್ಷ ಆತು" ಅಂದಳು. "ಊರ ಮಂದೀನೆಲ್ಲ ತೆಗದ್ರಿ. ಸತ್ತವರನ್ನೂ ತೆಗದ್ರಿ. ನಂದು ಒಂದು ಐತೇನ್ರಿ ಈ ಮನ್ಯಾಗ?"

ನಾನು ಗೋಡೆ ನೋಡಿದೆ. ಮೈಲಾರೆಪ್ಪ ಸ್ಟುಡಿಯೋಕ್ಕೆ ಓಡಿದ. ಮದುವೆಗೆ ಒಯ್ಯುವ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬರುವಷ್ಟರಲ್ಲಿ ಗುತ್ತೆವ್ವ ಬಸ್ಸಿಗೆಂದು ಹೊಸ್ತಿಲು ದಾಟಿದ್ದಳು. ಅವಳ ಮುಂದೆ ಹೋಗಿ, ಮೂಗುತಿ ತೆಗೆದು ತೆಗೆದು ಆದ ರೂಢಿಯಂತೆ ಮೂಗಿಗೇ ಲೆನ್ಸ್ ಹಿಡಿದ.

"ಅಷ್ಟು ಹತ್ರ ಬ್ಯಾಡ್ರಿ" ಅಂದಳು. "ದೂರ ನಿಂದರ್ರಿ. ನಾ ಇಡೀ ಬರಬೇಕು."

ಅವನು ಹಿಂದೆ ಸರಿದ. ಕಟ್ಟೆ ಇಳಿದ, ಗಟಾರ ದಾಟಿದ, ನಡುರಸ್ತೆಗೆ ಬಂದ. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ.

"ಸಾಕೇನು?" ಎಂದು ಕೂಗಿದ.

"ಇನ್ನೂ ಹಿಂದಕ್ಕ ಹೋಗ್ರಿ" ಅಂದಳು ಗುತ್ತೆವ್ವ, ಬಸ್ಸಿನ ಚಿಂತೆ ಬಿಟ್ಟು ನೆಟ್ಟಗೆ ನಿಂತು. "ನನ್ನ ಕಾಲೂ ಬರಬೇಕು."