ಕೋಸ್ತಾಕೆಯ ದಾರದ ಲೆಕ್ಕ

ಕೋಸ್ತಾಕೆ ಹುಟ್ಟಿದಾರಭ್ಯ ವಿಮಾನ ಹತ್ತಿದವನಲ್ಲ. ಊರಿಗೆ ಹತ್ತಿರದ ಬಕಾವು ವಿಮಾನ ನಿಲ್ದಾಣದ ಬೇಲಿಯಾಚೆ ಬಾಯಿ ಕಳೆದು ನಿಂತದ್ದೇ ಅವನ ಹಾರಾಟ. ಆದರೂ ಯಾವ ಊರಿಗೆ ಎಷ್ಟು ಹೊತ್ತು ಎಂಬುದನ್ನು ಅವನನ್ನೇ ಕೇಳಬೇಕು, ಕೇಳದಿದ್ದರೂ ಹೇಳುತ್ತಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಗಾಡಿ ತೂಗುತ್ತಿದ್ದಾಗ ಅಂಟಿದ ಚಾಳಿ ಅದು. ಹರಕು ಭೂಪಟದ ಮೇಲೆ ಹೊಲಿಗೆ ದಾರ ಎಳೆದು ದೂರ ಅಳೆಯುವುದು, ವಿಮಾನ ಗಂಟೆಗೆ ಎಂಟುನೂರು ಕಿಲೋಮೀಟರು ಹೋಗುತ್ತದೆಂದು ಎಂಟುನೂರರಿಂದ ಭಾಗಿಸುವುದು, ಹತ್ತಿ ಇಳಿಯುವುದಕ್ಕೆಂದು ಅರ್ಧ ಗಂಟೆ ಸೇರಿಸುವುದು. ಊರಿನ ಅರ್ಧ ಹೆಂಗಸರು ಇಟಲಿಯಲ್ಲಿ ಯಾರದೋ ಮನೆಯ ಮುದುಕರ ಮೈ ತೊಳೆಯುತ್ತ, ವರ್ಷಕ್ಕೆರಡು ಸಲ ಹಾರಿ ಬರುತ್ತಿದ್ದರು. ಅವರಿಗೂ ಇವನೇ ಪಾಠ ಹೇಳುತ್ತಿದ್ದ. ಥೂ, ನಾಚಿಕೆಯಾದರೂ ಬೇಡವೇ!

ಅವ್ವ ತೀರಿಕೊಂಡದ್ದು ಸೋಮವಾರ. ತಂಗಿ ಆಗ್ಲಾಯಾ ಇಟಲಿಯ ಬೊಲೊನ್ಯದಿಂದ ಫೋನಿನಲ್ಲಿ ಅತ್ತಳು.

"ಬುಧವಾರದ ವಿಮಾನ ಸಿಕ್ಕಿದೆ ಅಣ್ಣ. ಇಲ್ಲಿ ಹತ್ತೂವರೆಗೆ ಬಿಡುತ್ತೆ, ಬಕಾವಿನಲ್ಲಿ ಒಂದೂವರೆಗೆ ಇಳೀತೀನಿ. ನಾನು ಅವ್ವಂಗೆ ಕೊನೇ ಮುತ್ತು ಕೊಡೋ ತನಕ ಪೆಟ್ಟಿಗೆ ಮುಚ್ಚಬೇಡಿ."

"ಮೂರು ಗಂಟೆ ಯಾಕೆ ಬೇಕೇ? ಸಾವಿರದ ಇನ್ನೂರೈವತ್ತು ಕಿಲೋಮೀಟರು, ಎರಡೇ ಗಂಟೆ. ಹನ್ನೆರಡೂವರೆಗೆ ಇಳೀತೀಯ."

"ಟಿಕೆಟ್‌ನಲ್ಲಿ ಬರೆದಿದೆಯಲ್ಲೋ!"

"ತಡವಾದ್ರೆ ಬೈಸ್ಕೋಬಾರದು ಅಂತ ಒಂದು ಗಂಟೆ ಸೇರಿಸಿ ಬರೀತಾರೆ. ನಂಗೊತ್ತು, ಸುಮ್ನಿರು."

ಪಾದ್ರಿ ಮಾನೊಲೆ ಬಂದು, "ಮಣ್ಣು ಒಂದೂವರೆಗೋ, ಮೂರಕ್ಕೋ?" ಎಂದು ಕೇಳಿದರು.

"ಒಂದೂವರೆ ಧಾರಾಳ ಸ್ವಾಮಿ."

ಪಕ್ಕದ ಮನೆಯ ಸಾಫ್ತಜ್ಜಿ ತಡೆಯಲಾರದೆ ಬಾಯಿ ಹಾಕಿದಳು. "ಲೋ, ಇಟಲಿ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಕಣೋ!"

"ಗಡಿಯಾರ ಹಿಂದಿದ್ರೆ ದಾರಿ ಉದ್ದ ಆಗುತ್ತಾ ಅಜ್ಜಿ?" ಎಂದು ಈ ಮಹಾಶಯ ಹಲ್ಲು ಕಿರಿದ. ಪಾದ್ರಿ ಮೂರು ಗಂಟೆಯ ಹೊತ್ತನ್ನು ಪಕ್ಕದ ಊರಿನ ಸಾವಿಗೆ ಕೊಟ್ಟರು.

ಬುಧವಾರ ಎಲ್ಲರೂ ಸಾಲಾಗಿ ಬಂದು ಅವ್ವನ ಹಣೆಗೆ ಮುತ್ತಿಟ್ಟರು. ಕೋಸ್ತಾಕೆ "ಇನ್ನೈದು ನಿಮಿಷ ಸ್ವಾಮಿ" ಎಂದು ಮೂರು ಸಲ ಹೇಳಿದ. ನಾಲ್ಕನೆಯ ಸಲ ಪಾದ್ರಿ ಕೇಳಲಿಲ್ಲ, ಪಕ್ಕದೂರಿನ ಹೆಣ ಕಾಯುತ್ತಿತ್ತು. ಪೆಟ್ಟಿಗೆಗೆ ಮೊಳೆ ಹೊಡೆದರು. ಎರಡೂವರೆಗೆ ಆಗ್ಲಾಯಾ ಚೀಲ ಎಳೆದುಕೊಂಡು ಓಡಿ ಬಂದಾಗ ಸಲಿಕೆಯವರು ಕೈ ತೊಳೆಯುತ್ತಿದ್ದರು. ಅವಳು ಹಸಿ ಮಣ್ಣಿಗೆ ಮುತ್ತು ಕೊಟ್ಟಳು.

ಸಾವಿನೂಟಕ್ಕೆ ಕೂತಾಗ ಕೋಸ್ತಾಕೆ ಪ್ಲಮ್ ಸಾರಾಯಿ ಏರಿಸಿ, "ಎದುರು ಗಾಳಿ ಜೋರಿತ್ತು ಅನ್ಸುತ್ತೆ. ನನ್ನ ಲೆಕ್ಕ ಸರಿಯಾಗೇ ಇತ್ತು" ಎಂದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನಿಗೆ ಆಕಾಶವೇ ಡೊಂಕು.

ಆಗ್ಲಾಯಾಳ ಎಡಗೈಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಇಟಲಿಯದು. ಇನ್ನೊಂದರಲ್ಲಿ ಹನ್ನೊಂದು ವರ್ಷದಿಂದ ಊರಿನ ಗಂಟೆ, ಅವ್ವ ಎದ್ದಿರುವ ಹೊತ್ತು ನೋಡಿ ಫೋನ್ ಮಾಡಲು. ಅದನ್ನು ಬಿಚ್ಚಿ ಅಣ್ಣನ ತಟ್ಟೆಯ ಪಕ್ಕ ಇಟ್ಟಳು.

"ಇಲ್ಲಿನ ಗಂಟೆ ನಂಗಿನ್ನು ಯಾಕೆ? ನೀನೇ ಇಟ್ಕೋ."

ಕೋಸ್ತಾಕೆ ಗಡಿಯಾರ ಎತ್ತಿಕೊಂಡು, ಗೋಡೆಯ ಗಡಿಯಾರದತ್ತ ಒಮ್ಮೆ, ಕೈಯಲ್ಲಿದ್ದುದರತ್ತ ಒಮ್ಮೆ ನೋಡಿದ.

"ಇದು ಎರಡು ನಿಮಿಷ ಮುಂದಿದೆಯಲ್ಲೇ," ಎಂದ.