ಉಂಗುರದಕ್ಕ ಹೇಳಿದ ‘ಇಲ್ಲ’

ಅಂಗಡಿಗೆ ಬಂದ ಸರಕನ್ನು ಮೊದಲು ಕಣ್ಣಿನಲ್ಲೇ ತೂಗುವುದು ನನ್ನ ಕಸುಬು. ಮನುಷ್ಯರನ್ನೂ ಹಾಗೆಯೇ ತೂಗುವುದು ಚಟ. ಆದ್ದರಿಂದ ನನ್ನಲ್ಲಿ ಕೆಲಸಕ್ಕಿರುವ ಈಕೆಯನ್ನೂ ತೂಗಿಯೇ ನಿಮ್ಮ ಮುಂದೆ ಇಡುತ್ತೇನೆ. ಎತ್ತರ ಕಡಿಮೆ, ಆ ಕೊರತೆಯನ್ನು ಅಗಲ ತುಂಬಿಕೊಟ್ಟಿದೆ. ಮೇಲಿನ ಮೆರುಗು ಸಾಧಾರಣ. ನಾದ ಜೋರು, ಬಾಗಿಲ ಬಳಿಯ ಕೌಂಟರಿನಲ್ಲಿ ಮಾತಾಡಿದರೆ ಒಳಕೋಣೆಯ ತಿಜೋರಿಗೂ ಕೇಳಿಸುತ್ತದೆ. ಬೆರಕೆ ಇಲ್ಲ. ದೋಷ ಒಂದೇ, ಅದೂ ವ್ಯಾಪಾರದ ದೃಷ್ಟಿಯಿಂದ: ಗಿರಾಕಿಗೆ ಒಪ್ಪದ ಒಡವೆಯನ್ನು ‘ಒಪ್ಪುತ್ತೆ’ ಎನ್ನಲು ಬಾಯಿ ಬರುವುದಿಲ್ಲ.

ಒಡವೆ ಅಂಗಡಿಯಲ್ಲಿ ಇಂಥವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಬುದ್ಧಿವಂತ ನಾನೊಬ್ಬನೇ ಎಂದು ಎದುರಂಗಡಿಯವನು ಆಡಿಕೊಂಡ. ಸೇರಿದ ಹೊಸತರಲ್ಲೇ ಆಕೆ ಒಬ್ಬ ಹೆಂಗಸಿನ ಕುತ್ತಿಗೆಯಿಂದ ಭಾರದ ಹಾರವನ್ನು ತಾನೇ ಬಿಚ್ಚಿ, “ಇದು ನಿಮ್ಮನ್ನ ಹಾಕ್ಕೊಂಡ ಹಾಗಿದೆ, ನೀವು ಇದನ್ನ ಹಾಕ್ಕೊಂಡ ಹಾಗಿಲ್ಲ” ಎಂದಾಗ ನಾನು ಗಲ್ಲಾದಿಂದ ಎದ್ದೇ ನಿಂತೆ. ಆ ಹೆಂಗಸು ನಕ್ಕು ಸಣ್ಣ ಸರ ತೆಗೆದುಕೊಂಡು ಹೋದಳು. ಮುಂದಿನ ತಿಂಗಳು ತನ್ನ ಅತ್ತಿಗೆ, ನಾದಿನಿ, ಚಿಕ್ಕಮ್ಮ ಎಲ್ಲರನ್ನೂ ದಂಡು ಕಟ್ಟಿಕೊಂಡು ಬಂದಳು. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೆ.

ಉಂಗುರದ ಕೌಂಟರು ಆಕೆಯ ಪಾಲಿನದು. ನೀಲಿ ಮಖಮಲ್ಲಿನ ತಟ್ಟೆಗಳು, ಬೀಗದಕೈ ಗೊಂಚಲಿನಂತೆ ತೂಗುವ ಅಳತೆಯ ಉಂಗುರಗಳು, ಒಂದು ವಾಲಿದ ಸ್ಟೂಲು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಹುಡುಗರು ‘ಉಂಗುರದಕ್ಕ’ ಎಂದರು. ಆಮೇಲೆ ಆಕೆಯ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಬೇಕಾಗಲಿಲ್ಲ.

ಆ ಕೌಂಟರಿನಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿತು. ಹುಟ್ಟಿಸಿದ್ದು ಒಬ್ಬ ಬಸ್ ಡ್ರೈವರು. ನಿಶ್ಚಿತಾರ್ಥದ ಉಂಗುರ ಬೇಕೆಂದು ಬಂದ. ಆರಿಸಿದ್ದೂ ಆಯಿತು, ಕಟ್ಟಿಸಿದ್ದೂ ಆಯಿತು, ಆದರೆ ಕದಲಲಿಲ್ಲ.

“ಏನಪ್ಪಾ, ಇನ್ನೇನಾದ್ರೂ ಬೇಕಾ?”

“ಅಕ್ಕಾ, ಇದನ್ನ ಕೊಡುವಾಗ ಏನು ಹೇಳ್ಬೇಕು?”

“ಇಷ್ಟು ದೊಡ್ಡ ಬಸ್ಸು ಓಡಿಸ್ತೀಯಾ, ನಾಲ್ಕು ಮಾತು ಆಡಕ್ಕೆ ಬರಲ್ವಾ? ನನ್ನನ್ನೇ ಅವಳು ಅಂದ್ಕೊಂಡು ಹೇಳು ನೋಡೋಣ.”

ಅವನು ಬೆವರು ಒರೆಸಿಕೊಂಡು, ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಹೇಗೋ ಹೇಳಿದ. ಆಕೆ ಮುಖ ಗಂಟಿಕ್ಕಿ, “ಇಲ್ಲ” ಎಂದಳು. ಹುಡುಗನ ಮುಖ ಸುಣ್ಣದಂತಾಯಿತು.

“ಯಾಕಕ್ಕಾ?”

“ಯಾಕೂ ಇಲ್ಲ. ಆ ಮಾತು ಇಲ್ಲೇ ಒಂದ್ಸಲ ಕಿವಿಗೆ ಬಿದ್ದಿರ್ಲಿ, ಅಲ್ಲಿ ಬಿದ್ರೆ ತಲೆ ಸುತ್ತಿ ಬೀಳಲ್ಲ. ಈಗ ಕ್ಯಾಲೆಂಡರ್ ಬಿಟ್ಟು ನನ್ನನ್ನ ನೋಡ್ಕೊಂಡು ಇನ್ನೊಂದ್ಸಲ ಹೇಳು.”

ಹುಡುಗಿ ಒಪ್ಪಿದಳು. ಡ್ರೈವರು ಸುಮ್ಮನಿರುವ ಪ್ರಾಣಿಯೇ? ಡಿಪೋದ ತುಂಬ ಹೇಳಿಕೊಂಡು ಬಂದ. ಆಮೇಲೆ ಮಧ್ಯಾಹ್ನ ವ್ಯಾಪಾರ ಮಂದವಾಗಿರುವ ಹೊತ್ತು ನೋಡಿ ಗಂಡುಗಳು ಬರತೊಡಗಿದರು. ಬ್ಯಾಂಕಿನವನು ಬಂದ, ಬಡಗಿ ಬಂದ, ಒಬ್ಬ ಹಲ್ಲಿನ ಡಾಕ್ಟರು ಬಾಯಿ ಬಿಡಲಾಗದೆ ಒದ್ದಾಡಿದ. ಎಲ್ಲರಿಗೂ ಒಂದೇ ಕ್ರಮ. ಮೊದಲ ಸಲ ‘ಇಲ್ಲ’. ಎರಡನೆಯ ಸಲ ಪ್ರಶ್ನೆಗಳು: “ಪಾತ್ರೆ ತೊಳೀತೀಯಾ? ನಿಮ್ಮಮ್ಮಂಗೂ ನಂಗೂ ಜಗಳ ಆದ್ರೆ ಯಾವ ಕೋಣೇಲಿ ಅಡಗಿ ಕೂತ್ಕೋತೀಯಾ? ನನ್ನ ಕನಸಿನ ಒಡವೆ ಯಾವುದು, ಯಾವತ್ತಾದ್ರೂ ಕೇಳಿದ್ದೀಯಾ, ಇಲ್ಲಾ ನಿನಗೆ ತೋಚಿದ್ದನ್ನ ಕೊಂಡು ಬಂದ್ಯಾ?” ಈ ಕೊನೆಯ ಪ್ರಶ್ನೆಗೆ ಸಿಕ್ಕಿಬಿದ್ದು ಉಂಗುರವನ್ನು ಅಲ್ಲೇ ಬಿಟ್ಟು, ಹುಡುಗಿಯನ್ನೇ ಕರೆದುಕೊಂಡು ಬಂದವರು ಎಷ್ಟೋ ಜನ.

ಒಮ್ಮೆ ಬಂದವರು ಮತ್ತೆ ಮತ್ತೆ ಬಂದರು. ಬಸುರಿಯಾಗಿ ಕೈ ಊದಿಕೊಂಡಾಗ ಉಂಗುರ ತೆಗೆಸಲು, ಮಗುವಿನ ಕಿವಿಗೆ ಪುಟ್ಟ ಓಲೆ ಕೊಳ್ಳಲು, ಮುನಿಸಿಕೊಂಡ ಹೆಂಡತಿಗೆ ಏನಾದರೂ ಒಯ್ಯಲು. ಮುನಿಸಿನ ಗಿರಾಕಿಗಳನ್ನು ಆಕೆ ಬರಿಗೈಯಲ್ಲಿ ವಾಪಸ್ ಕಳಿಸುತ್ತಿದ್ದಳು. “ಮೊದ್ಲು ತಪ್ಪಾಯ್ತು ಅಂತ ಹೇಳಿ ಬಾ, ಅದಕ್ಕೆ ಕಾಸು ಬೇಡ.” ನಾನು ಗಲ್ಲಾದ ಹಿಂದೆ ಕೆಮ್ಮುತ್ತಿದ್ದೆ. ಆಕೆಗೆ ಕೆಮ್ಮು ಕೇಳಿಸುತ್ತಿರಲಿಲ್ಲ.

ಆಕೆಗೆ ಮಾತ್ರ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಥೆ ಏನೂ ಇರಲಿಲ್ಲ. ಬಂದವರು ಇವಳಿಗೆ ಹಿಡಿಸಲಿಲ್ಲ, ಇವಳು ಬಂದವರಿಗೆ ಹಿಡಿಸಲಿಲ್ಲ, ಅಷ್ಟರಲ್ಲಿ ಕಿವಿಯ ಪಕ್ಕ ನರೆ ಇಣುಕಿತು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿಯ ನಾಲಿಗೆಯ ಮುಂದೆ ಮಗಳದು ಏನೂ ಅಲ್ಲ. ಒಂದು ಸಲ ಅಂಗಡಿಗೇ ಬಂದು ನನ್ನ ಮುಂದೆ ಪಂಚಾಯ್ತಿ ಇಟ್ಟರು.

“ಅಲ್ಲಾ ಯಜಮಾನ್ರೇ, ದಿನಾ ಒಬ್ಬ ಗಂಡಸು ಬಂದು ಇವಳನ್ನ ಮದ್ವೆ ಆಗ್ತೀಯಾ ಅಂತ ಕೇಳ್ತಾನಂತೆ. ಒಬ್ಬನಾದ್ರೂ ಬಾಯಿ ತಪ್ಪಿ ನಿಜವಾಗ್ಲೂ ಕೇಳಬಾರ್ದಾ?”

“ಅಮ್ಮಾ, ನಡಿ ಮನೆಗೆ.”

“ಹೋಗ್ತೀನಿ ಕಣೇ. ನಿನ್ನ ಬಾಯಿಗೆ ಅಂಜಿ ಯಾವನೂ ಕೇಳಲ್ಲ.”

ನಾನೂ ನಕ್ಕೆ. ಆಕೆ ನಗಲಿಲ್ಲ. ಒಂದು ತಟ್ಟೆಯನ್ನು, ಆಗಲೇ ಒರೆಸಿದ್ದನ್ನೇ, ಮತ್ತೊಮ್ಮೆ ಒರೆಸಿದಳು.

ಈಗ ಡಬ್ಬಿಯವರು ಬರಬೇಕು. ಉಂಗುರ ಇಡುವ ಪುಟ್ಟ ಡಬ್ಬಿಗಳನ್ನು ನಮಗೆ ಮಾಡಿಕೊಡುವವರು ಅವರು. ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ರಟ್ಟು ಕತ್ತರಿಸಿ, ಬಟ್ಟೆ ಅಂಟಿಸಿ, ಮುಚ್ಚಿದರೆ ‘ಟಕ್’ ಎಂದು ಹಿತವಾಗಿ ಸದ್ದು ಬರುವ ಹಾಗೆ ಮುಚ್ಚಳ ಕೂರಿಸುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ವಾರಕ್ಕೊಮ್ಮೆ ಬೆಳಿಗ್ಗೆ, ಅಂಗಡಿ ತೆರೆಯುವ ಗಡಿಬಿಡಿಯಲ್ಲಿ, ಎರಡು ಚೀಲ ತಂದು ಉಂಗುರದಕ್ಕನ ಕೈಗೆ ಎಣಿಸಿ ಕೊಟ್ಟು ಹೋಗುವರು. ಮಧ್ಯಾಹ್ನದ ನಾಟಕವನ್ನು ಅವರು ಒಂದು ದಿನವೂ ಕಂಡವರಲ್ಲ. ಮಾತು ಎಂದರೆ ಅವರಿಗೆ ತೆರಿಗೆ ಕಟ್ಟಿದಷ್ಟು ಕಷ್ಟ. ಬಣ್ಣ ಸರಿಯಿಲ್ಲ, ಅಂಟು ಕಾಣುತ್ತಿದೆ ಎಂದು ಆಕೆ ಪ್ರತಿ ವಾರ ಬೈಯುವಳು. ಅವರು ಪ್ರತಿ ವಾರ “ಆಯ್ತು” ಎನ್ನುವರು. ಆ ಡಬ್ಬಿಗಳಲ್ಲಿ ಅಂಟು ಕಾಣಿಸುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಬಹುಶಃ ಆಕೆಗೂ.

ಒಂದು ಮಧ್ಯಾಹ್ನ ಅವರು ಚೀಲವಿಲ್ಲದೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಚೆನ್ನಾಗಿ ಉಜ್ಜಿ ಅಂಟು ತೆಗೆದ ಬೆರಳುಗಳು. ಉಂಗುರ ಬೇಕೆಂದರು. ಆಕೆಯ ಹುಬ್ಬು ಒಂದು ಕ್ಷಣ ಮೇಲೆ ಹೋಗಿ ಕೆಳಗಿಳಿಯಿತು. “ಓಹೋ! ಒಳ್ಳೇದಾಯ್ತು ಬಿಡಿ. ಅಳತೆ?”

“ನಿಮ್ಮ ಬೆರಳಿನಷ್ಟು.”

ಇದು ದಿನಾ ಕೇಳುವ ಮಾತು. ಅಳತೆ ತಾರದೆ ಬರುವ ಗಂಡಸರೆಲ್ಲ ಹೇಳುವುದು ಇದನ್ನೇ. ಆಕೆ ತಟ್ಟೆ ಮುಂದಿಟ್ಟಳು. ಅವರು ಒಂದೇ ನೋಟಕ್ಕೆ ಒಂದು ಸಣ್ಣ ಕೆಂಪು ಕಲ್ಲಿನದನ್ನು ಆರಿಸಿದರು. ಆಕೆ ತನ್ನ ಬೆರಳಿಗೆ ಹಾಕಿ ನೋಡಿ, ತೆಗೆದು, ಅವರೇ ಮಾಡಿದ ಡಬ್ಬಿಯಲ್ಲಿಟ್ಟು, ಎಂದಿನಂತೆ ಸ್ಟೂಲಿನ ಮೇಲೆ ಸರಿಯಾಗಿ ಕುಳಿತು, “ಹೂಂ, ಹೇಳಿ” ಎಂದಳು.

ಅವರು ಹೇಳಿದರು. ಕ್ಯಾಲೆಂಡರು ನೋಡಲಿಲ್ಲ.

“ನಂಗೆ ಮಾತು ಬರಲ್ಲ. ಮನೇಲಿ ಒಬ್ಬನೇ ಇರೋದು ಅಭ್ಯಾಸ ಆಗೋಗಿದೆ ಅಂದ್ಕೊಂಡಿದ್ದೆ, ಆಗಿಲ್ಲ. ನೀವು ಬೈದ ದಿನ ಕೆಲಸ ಚೆನ್ನಾಗಿ ಸಾಗುತ್ತೆ. ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ, ಜಾಗ ಇದೆ. ಒಪ್ತೀರಾ?”

ಗಲ್ಲಾದಲ್ಲಿದ್ದ ನಾನು ಮನಸ್ಸಿನಲ್ಲೇ ಭಲೇ ಎಂದೆ. ಇಷ್ಟು ಸೊಗಸಾಗಿ ಅಭ್ಯಾಸ ಮಾಡಿಕೊಂಡು ಬಂದವರು ಯಾರೂ ಇರಲಿಲ್ಲ.

ಆಕೆ ಮುಖ ಗಂಟಿಕ್ಕಿ, “ಇಲ್ಲ” ಎಂದಳು.

ಎಲ್ಲರೂ ‘ಯಾಕೆ’ ಎಂದು ಕೇಳುತ್ತಾರೆ. ಅವರು ಕೇಳಲಿಲ್ಲ. “ಆಯ್ತು” ಎಂದರು. ಡಬ್ಬಿ ಮುಚ್ಚಿದರು, ದುಡ್ಡು ಎಣಿಸಿ ನನ್ನ ಮುಂದಿಟ್ಟರು, ಹೋದರು.

“ಅಯ್ಯೋ, ಎರಡನೇ ಸಲ ಹೇಳ್ದೇ ಹೋಗ್ಬಿಟ್ರಲ್ಲ!” ಎಂದು ಆಕೆ ಬಾಗಿಲ ಕಡೆ ಕುತ್ತಿಗೆ ಚಾಚಿದಳು. ಆಮೇಲೆ ಅಳತೆಯ ಗೊಂಚಲನ್ನು ಮೊಳೆಗೆ ತಗುಲಿಸುತ್ತಾ, “ಯಾರೋ ಪುಣ್ಯವಂತೆ” ಎಂದಳು. ಆ ದಿನ ಆಕೆ ಮತ್ತೆ ಯಾರನ್ನೂ ಬೈಯಲಿಲ್ಲ. ಸಂಜೆಯ ಚಹಾ ಆರಿ ಕೆನೆ ಕಟ್ಟಿತು.

ಮುಂದಿನ ವಾರದ ಡಬ್ಬಿಗಳು ಆಟೋದಲ್ಲಿ ಬಂದವು. ಅದರ ಮಾರನೆಯ ದಿನ ಆಕೆಗೆ ರಜೆ. ಅವತ್ತು ಡಬ್ಬಿಯವರು ಬಂದು, ಉಂಗುರವನ್ನು ನನ್ನ ಮುಂದಿಟ್ಟು, “ಸಾಹುಕಾರ್ರೇ, ವಾಪಸ್ ತಗೋತೀರಾ?” ಎಂದರು. ಕೆಲಸ ಮುಚ್ಚಿ ತಂಗಿಯ ಊರಿಗೆ ಹೋಗುತ್ತಾರಂತೆ, ಅಲ್ಲಿ ಒಂದು ಕೋಣೆಯೂ ಗೊತ್ತಾಗಿದೆಯಂತೆ, ಈ ವಾರವೇ ಗಾಡಿ ಬರುತ್ತದಂತೆ.

“ಯಾಕ್ರೀ, ಅವರು ಒಪ್ಪಲಿಲ್ವಾ?”

“ಇಲ್ಲ ಅಂದ್ರು.”

“ಯಾವಾಗ ಕೇಳಿದ್ರಿ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನಿಮ್ಮ ಮುಂದೇನೇ ಕೇಳಿದ್ನಲ್ಲ?”

ಕಲ್ಲಿನ ಒಳಗಿನ ಕೂದಲೆಳೆ ಬಿರುಕನ್ನೂ ಕಾಣುವ ಕಣ್ಣು ನನ್ನದು ಎಂದು ಊರೆಲ್ಲ ಹೇಳುತ್ತದೆ. ಆ ಕಣ್ಣಿಗೆ ಮೂಗಿನ ಮುಂದೆ ನಡೆದದ್ದೇ ಕಂಡಿರಲಿಲ್ಲ. ಆಮೇಲೆ ಅವರನ್ನು ಕೂರಿಸಿ ಡ್ರೈವರನಿಂದ ಹಲ್ಲಿನ ಡಾಕ್ಟರನವರೆಗೆ ಎಲ್ಲವನ್ನೂ ಹೇಳಿದೆ. ಅವರ ಕಿವಿ ಕೆಂಪಾಯಿತು.

“ಹಾಗಾದ್ರೆ ಇನ್ನೊಂದ್ಸಲ ಕೇಳಿ ಮಾರಾಯ್ರೇ!”

“ಆಗಲ್ಲ. ಅಷ್ಟು ಹೇಳಕ್ಕೇ ನಂಗೆ ವರ್ಷಗಳು ಹಿಡೀತು. ಅಲ್ದೆ, ಅದು ನಾಟಕದ ಇಲ್ಲವೋ ನಿಜವಾದ ಇಲ್ಲವೋ, ನಿಮಗೇನು ಗೊತ್ತು?”

ಅದು ನನಗೂ ಗೊತ್ತಿರಲಿಲ್ಲ. ಉಂಗುರವನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಮಾರಿದ ಸರಕು ನಮ್ಮಲ್ಲಿ ಹಿಂದಕ್ಕೆ ಬರುವಂತಿಲ್ಲ ಎಂದು, ಇಲ್ಲದ ನಿಯಮವೊಂದನ್ನು ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಆಕೆ ಬೀಗ ತೆಗೆದು ತಟ್ಟೆಗಳನ್ನು ಹೊರಗಿಡುತ್ತಿರುವಾಗ ವಿಷಯ ಹೇಳಿದೆ. ವ್ಯಾಪಾರಿ ಬುದ್ಧಿ, ಸುತ್ತಿ ಬಳಸಿ ಹೇಳೋಣವೆಂದುಕೊಂಡಿದ್ದೆ. ಆಕೆ ಎರಡನೆಯ ವಾಕ್ಯಕ್ಕೇ ಹಿಡಿದುಬಿಟ್ಟಳು. ತಟ್ಟೆ ಕೈಯಲ್ಲೇ ಉಳಿಯಿತು.

“ನನ್ನನ್ನೇ ಕೇಳಿದ್ರಾ?”

“ನಿನ್ನನ್ನೇ.”

“ನಂಗೇ?”

“ಎಷ್ಟು ಸಲ ಹೇಳ್ಲಮ್ಮಾ? ಊರು ಬಿಟ್ಟು ಹೋಗ್ತಿದ್ದಾರೆ. ಇನ್ನು ಕೇಳೋದಾದ್ರೆ ನೀನೇ ಕೇಳ್ಬೇಕು.”

ಅಷ್ಟು ಗಂಡಸರಿಗೆ ಮಾತು ಕಲಿಸಿದವಳು ತಟ್ಟೆಯ ಉಂಗುರಗಳನ್ನು ಸುಮ್ಮನೆ ಹಿಂದೆ ಮುಂದೆ ಜೋಡಿಸತೊಡಗಿದಳು. ನನಗೆ ಕನಿಕರ ಉಕ್ಕಿ, “ನನ್ನನ್ನೇ ಅವರು ಅಂದ್ಕೊಂಡು ಹೇಳು ನೋಡೋಣ” ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿಮ್ಮ ಮುಖ ನೋಡ್ಕೊಂಡು ಅಂಥ ಮಾತು ಬರುತ್ತಾ ಯಜಮಾನ್ರೇ?” ಎಂದು ತಟ್ಟೆಯನ್ನು ನನ್ನ ಕೈಗೆ ತುರುಕಿ ಬಾಗಿಲು ದಾಟಿದಳು.

ನಾನು ಉಂಗುರದ ಕೌಂಟರಿನಲ್ಲಿ ಕುಳಿತೆ. ಆ ವಾಲಿದ ಸ್ಟೂಲಿನ ಮೇಲೆ ಮನುಷ್ಯರು ಕೂರುವುದು ಹೇಗೆ ಎಂದು ಅವತ್ತೇ ತಿಳಿದದ್ದು. ಮೊದಲು ಬಂದ ಹುಡುಗನಿಗೆ ಅಂಗಡಿಯ ಅತ್ಯುತ್ತಮ ಉಂಗುರಗಳನ್ನು ಹರವಿದೆ, ಕಲ್ಲಿನ ಗುಣ ವಿವರಿಸಿದೆ, ಕೇಳದೆಯೇ ರಿಯಾಯಿತಿ ಕೊಟ್ಟೆ. ಅವನು ತಲೆ ಕೆರೆದುಕೊಂಡು, “ಅಕ್ಕ ಇಲ್ವಾ ಸಾರ್? ನಾಳೆ ಬರ್ತೀನಿ” ಎಂದ. ಎರಡನೆಯವರು ಗಂಡ ಹೆಂಡತಿ, ಹೆಂಡತಿಯ ಬೆರಳಲ್ಲಿ ಉಂಗುರ ಸಿಕ್ಕಿಕೊಂಡಿತ್ತು. ನೋಯುತ್ತಿದ್ದರೂ ಆ ಹೆಂಗಸು ಕೈಯನ್ನು ಹಿಂದಕ್ಕೆಳೆದುಕೊಂಡು, “ಅಕ್ಕ ಬರ್ಲಿ, ಕಾಯ್ತೀವಿ” ಎಂದಳು; ಇಬ್ಬರೂ ಬೆಂಚಿನ ಮೇಲೆ ಕುಳಿತರು. ಮೂರನೆಯ ಅಜ್ಜಿಗೆ ಏನೂ ಬೇಕಿರಲಿಲ್ಲ, ಮೊಮ್ಮಗಳು ಹುಟ್ಟಿದ್ದನ್ನು ಅಕ್ಕನಿಗೆ ಹೇಳಿ ಹೋಗಲು ಬಂದಿದ್ದರು. ಅವರೂ ಬೆಂಚಿಗೆ ಸೇರಿದರು. ಮೂವರೂ ನನ್ನನ್ನು ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ನೋಡುವಂತೆ ನೋಡುತ್ತಿದ್ದರು.

ಹಿಂದಿನ ಬೀದಿಯ ಕೋಣೆಯಲ್ಲಿ ನಡೆದದ್ದನ್ನು ಡಬ್ಬಿಯವರು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದರು. ಅವರ ಮಾತಿನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. ಅರ್ಧ ಸಾಮಾನು ಕಟ್ಟಿ ಆಗಿತ್ತಂತೆ. ಕೊನೆಯ ಕೆಲವು ಡಬ್ಬಿಗಳಿಗೆ ಬಟ್ಟೆ ಅಂಟಿಸುತ್ತಿದ್ದಾಗ ಆಕೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳಂತೆ.

“ಆವತ್ತು ನಾನು ಹೇಳಿದ್ದು ನಿಮಗಲ್ಲ.”

“ಮತ್ಯಾರಿಗೆ?”

“ಎಲ್ರಿಗೂ ಹಾಗೇ ಹೇಳ್ತೀನಿ. ಬರೋ ಗಂಡಸರಿಗೆಲ್ಲ.”

“ನನಗೆ ಏನು ಹೇಳ್ತೀರಾ?”

ಅಲ್ಲಿ ಆಕೆ ಅಳುವುದಕ್ಕೆ ಶುರುಮಾಡಿದಳಂತೆ, ಅಳುತ್ತಲೇ ಬೈದಳಂತೆ: ಒಂದು ಸಲ ಇಲ್ಲ ಅಂದರೆ ಗಾಡಿ ಕರೆಸುವುದಾ, ಯಾಕೆ ಎಂದು ಕೇಳಲು ಬಾಯಿಗೆ ಅಂಟು ಹಾಕಿಕೊಂಡಿದ್ದಿರಾ, ಇಂಥವರ ಜೊತೆ ಬಾಳುವುದು ಹೇಗೆ. ಆ ಕೊನೆಯ ಮಾತನ್ನು ಡಬ್ಬಿಯವರು ಒಪ್ಪಿಗೆ ಎಂದೇ ಹಿಡಿದುಕೊಂಡರು. ಅವರ ಎರಡೂ ಕೈಯಲ್ಲಿ ಅಂಟು ಇತ್ತು; ಉಂಗುರ ಅಂಗಿಯ ಜೇಬಿನಲ್ಲಿದೆ ಎಂದು ಗದ್ದದಿಂದ ತೋರಿಸಿದರಂತೆ. ಆಕೆಯೇ ತೆಗೆದು ಹಾಕಿಕೊಂಡಳು.

ಮಧ್ಯಾಹ್ನಕ್ಕೆ ಮೊದಲೇ ಅಂಗಡಿಗೆ ವಾಪಸಾದಳು. ಕಣ್ಣು ಕೆಂಪು, ಸೆರಗಿನ ಅಂಚಿಗೆ ಅಂಟು. “ಗಾಡಿಯವನಿಗೆ ಬೇಡ ಅಂತ ಹೇಳಿ ಆಯ್ತು” ಎಂದಷ್ಟೇ ನನಗೆ ವರದಿ ಒಪ್ಪಿಸಿ, “ಏಳಿ ಯಜಮಾನ್ರೇ, ಜನ ಕಾಯ್ತಿದ್ದಾರೆ” ಎಂದು ನನ್ನನ್ನು ಎಬ್ಬಿಸಿದಳು. ಬೆಂಚಿನಿಂದ ಎದ್ದ ಹೆಂಗಸು ತಾನಾಗಿ ಕೈ ಚಾಚಿದಳು.

ಮದುವೆಯಾಗಿ ಈಗ ನಾಲ್ಕು ವರ್ಷ. ತಾಯಿ ಅಳಿಯನ ಪಕ್ಷ ವಹಿಸುತ್ತಾರೆ, ಜಗಳಕ್ಕೆ ಬರ ಇಲ್ಲ. ಆಕೆ ಬೆಳಿಗ್ಗೆ ಗಂಡನ ಕೋಣೆಯಲ್ಲಿ ಮುಚ್ಚಳ ಕೂರಿಸಿ, ಮಧ್ಯಾಹ್ನ ನನ್ನ ಕೌಂಟರಿಗೆ ಬರುತ್ತಾಳೆ. ಗಿರಾಕಿಗಳೂ ಮಧ್ಯಾಹ್ನಕ್ಕೇ ಬರುವುದನ್ನು ಕಲಿತಿದ್ದಾರೆ. ಬೋರ್ಡಿನ ಮೇಲೆ ನನ್ನ ತಂದೆಯ ಹೆಸರಿದೆ, ಗಲ್ಲಾದಲ್ಲಿ ನಾನು ಕೂರುತ್ತೇನೆ. ಆದರೆ ಜನ ಈ ಅಂಗಡಿಯ ಮೇಲೆ ಇಟ್ಟಿರುವ ನಂಬಿಕೆ ಆಕೆ ಗಳಿಸಿಕೊಟ್ಟದ್ದು. ಅದಕ್ಕೆ ನಾನು ಆಕೆಗೆ ಋಣಿ.